ಹುಳ ತಿಂದ ಎಲೆಯನ್ನು ಹಾಗೇ ಬರೆಯಬೇಕಾ? ರಿನೈಸಾನ್ಸ್ ಕಾಲದ ಹೂವಿನ ಚಿತ್ರಗಳ ಬಗ್ಗೆ ಒಂದು ಪ್ರಶ್ನೆ

ಕೆಂಪುದಾಸವಾಳ
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಆನ್‌ಲೈನ್ ಕ್ಲಾಸಿನಲ್ಲಿ ಗಿಡ, ಹೂವುಗಳ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ. ಹೋದ ವಾರ ನಮ್ಮ ಕಾಂಪೌಂಡಿನ ದಾಸವಾಳದ ಒಂದು ಕೊಂಬೆ ಮುರಿದು ತಂದು, ನೀರಿನ ಲೋಟದಲ್ಲಿಟ್ಟು ಬರೆದೆ. ಹೂವಿನ ಕೆಳಗಿನ ಎರಡನೇ ಎಲೆಯಲ್ಲಿ ಹುಳ ತಿಂದ ತೂತು ಇತ್ತು. ಹುರಿಗಡಲೆಯಷ್ಟು ದೊಡ್ಡದು. ಅಂಚು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ತೂತಿನೊಳಗಿಂದ ಹಿಂದಿನ ಕಾಂಡ ಸ್ವಲ್ಪ ಕಾಣುತ್ತಿತ್ತು. ಅದನ್ನು ಬರೆಯೋಕೇ ಒಂದು ಗಂಟೆ ಹಿಡಿಯಿತು. ಇಡೀ ಚಿತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಜಾಗ ಅದೇ.

ಟೀಚರ್ ನೋಡಿ, "ಚೆನ್ನಾಗಿದೆ, ಆದರೆ ಈ ಎಲೆ ಸರಿಮಾಡಿ. ಗಿಡದ ಚಿತ್ರದಲ್ಲಿ ಎಲೆ ಪೂರ್ತಿ ಇರಬೇಕು" ಅಂದರು. ಅವರ ಮಾತಿನಲ್ಲಿ ಅರ್ಥ ಇದೆ ಅಂತ ಗೊತ್ತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಈ ಥರ ಗಿಡವನ್ನು ಎದುರಿಗಿಟ್ಟು ಬರೆಯುವುದಕ್ಕೆ ಜೋರಾಗಿ ಶುರು ಹಚ್ಚಿದವರು ರಿನೈಸಾನ್ಸ್ ಕಾಲದವರು (ಯೂರೋಪಿನಲ್ಲಿ ಸುಮಾರು 1400ರಿಂದ 1600ರವರೆಗೆ) ಅಂತ ಕೇಳಿದ್ದೇನೆ. ಅವರು ಏನು ಮಾಡುತ್ತಿದ್ದರು? ತೂತು ಇದ್ದರೆ ತೂತು ಬರೆಯುತ್ತಿದ್ದರಾ, ಮುಚ್ಚುತ್ತಿದ್ದರಾ? ಗೊತ್ತಿರುವವರು ದಯವಿಟ್ಟು ಹೇಳಿ.

ಇದ್ದಿಲುಕಡ್ಡಿ
ಒಳ್ಳೇ ಪ್ರಶ್ನೆ. ಮೊದಲು ಜರ್ಮನಿಯ ಚಿತ್ರಗಾರ ಆಲ್ಬ್ರೆಕ್ಟ್ ಡ್ಯೂರರ್ ಬರೆದ ಹುಲ್ಲಿನ ಹೆಂಟೆ ನೋಡಿ. 1503ರದ್ದು, ಈಗ ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಮ್ಮಿನಲ್ಲಿದೆ. ಇಂಗ್ಲಿಷಿನಲ್ಲಿ ಗ್ರೇಟ್ ಪೀಸ್ ಆಫ್ ಟರ್ಫ್ ಅಂತಾರೆ. ಹೆಸರಿನಲ್ಲಿ ಗ್ರೇಟ್ ಅಂತಿದ್ದರೂ ಹಾಳೆ ಸುಮಾರು 41 ಸೆಂಟಿಮೀಟರ್ ಎತ್ತರ, 31 ಸೆಂಟಿಮೀಟರ್ ಅಗಲ, ಅಷ್ಟೇ.

ಅದರಲ್ಲಿ ಗುಲಾಬಿ ಇಲ್ಲ, ಲಿಲ್ಲಿ ಇಲ್ಲ. ದನ ಮೇಯುವ ಹುಲ್ಲು, ದಂಡೇಲಿಯನ್, ಅಗಲ ಎಲೆಯ ಪ್ಲಾಂಟೇನ್ (ಬಾಳೆಯಲ್ಲ, ಒಂದು ಕಳೆ), ಯಾರೋ (yarrow) ಅನ್ನುವ ಇನ್ನೊಂದು ಕಳೆ. ಎಲ್ಲವೂ ಕಾಲಲ್ಲಿ ತುಳಿದುಕೊಂಡು ಹೋಗುವ ಗಿಡಗಳೇ. ದಂಡೇಲಿಯನ್ ಹೂವು ಅರಳಿಯೂ ಇಲ್ಲ, ಮುಚ್ಚಿಕೊಂಡಿದೆ. ಸುಂದರವಾಗಿ ಕಾಣಲಿ ಅಂತ ಬರೆಯುವವನಾಗಿದ್ದರೆ ಅರಳಿದ ಹೂವನ್ನೇ ಹುಡುಕುತ್ತಿದ್ದ, ಅಲ್ವಾ? ನೋಡುವ ಕಣ್ಣು ನೆಲದ ಮಟ್ಟಕ್ಕೇ ಇಳಿದಿದೆ. ಕಪ್ಪೆಯೊಂದು ಹುಲ್ಲಿನೊಳಗಿಂದ ತಲೆ ಎತ್ತಿ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ಕೆಳಗೆ ಮಣ್ಣು ಸ್ವಲ್ಪ ಬಿಟ್ಟುಕೊಂಡು ಬೇರುಗಳೂ ಕಾಣುತ್ತವೆ. ಹಿಂದೆ ಬರೀ ಖಾಲಿ ಕಾಗದ.

ಡ್ಯೂರರ್ ಮನುಷ್ಯನ ದೇಹದ ಅಳತೆಗಳ ಬಗ್ಗೆ ಬರೆದ ಪುಸ್ತಕ ಅವನು ತೀರಿಕೊಂಡ ವರ್ಷವೇ, 1528ರಲ್ಲಿ, ಅಚ್ಚಾಯಿತು. ಕಲೆ ಪ್ರಕೃತಿಯೊಳಗೇ ಹುದುಗಿದೆ, ಅದನ್ನು ಹೊರಗೆ ಎಳೆದವನಿಗೆ ಅದು ದಕ್ಕುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅಲ್ಲಿ ಅವನು ಬಳಸಿದ ಜರ್ಮನ್ ಪದಕ್ಕೆ ಕಿತ್ತು ತೆಗೆಯುವುದು ಅಂತಲೂ ಅರ್ಥ, ಗೆರೆ ಎಳೆಯುವುದು ಅಂತಲೂ ಅರ್ಥ. ಹುಲ್ಲಿನ ಹೆಂಟೆ ನೋಡುವಾಗೆಲ್ಲ ನನಗೆ ಆ ಪದ ನೆನಪಾಗುತ್ತದೆ.

ನನ್ನ ಕೇಳಿದರೆ ತೂತು ಬಿಡಿ. ಮುಚ್ಚಬೇಡಿ.

ಹಿತ್ತಲಗಿಡ
ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನು. ಹಾಗಾಗಿ ಟೀಚರ್ ಪರವಾಗಿ ಒಂದೆರಡು ಮಾತು ಹೇಳಲೇಬೇಕು. ನೀವು ಕೇಳಿದ ಇದೇ ಪ್ರಶ್ನೆಗೆ ಹದಿನಾರನೇ ಶತಮಾನದ ಎರಡು ಪುಸ್ತಕಗಳು ಎರಡು ಉತ್ತರ ಕೊಟ್ಟಿವೆ.

ಮೊದಲನೆಯದು ಓಟೋ ಬ್ರುನ್‌ಫೆಲ್ಸ್ ಅನ್ನುವವನ ಗಿಡಮೂಲಿಕೆ ಪುಸ್ತಕ. 1530ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಬಂತು. ಚಿತ್ರ ಬರೆದವನು ಹಾನ್ಸ್ ವೈಡಿಟ್ಜ್. ಅವನು ತನ್ನ ಮುಂದೆ ಇದ್ದ ಗಿಡವನ್ನು ಇದ್ದ ಹಾಗೇ ಬರೆದ. ಎಲೆ ಬಾಡಿ ಜೋತು ಬಿದ್ದಿದ್ದರೆ ಜೋತು ಬಿದ್ದ ಎಲೆ. ದಂಟು ಮುರಿದಿದ್ದರೆ ಮುರಿದ ದಂಟು. ಹುಳ ಕಡಿದಿದ್ದರೆ ಕಡಿದ ಗುರುತು. ನಿಮ್ಮ ತೂತಿಗೆ ಅವನ ಕೈಯಲ್ಲಿ ಖಂಡಿತ ಜಾಗ ಸಿಗುತ್ತಿತ್ತು.

ಎರಡನೆಯದು ಲಿಯೋನ್‌ಹಾರ್ಟ್ ಫುಕ್ಸ್ ಅವರದ್ದು. 1542ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. 500ಕ್ಕೂ ಜಾಸ್ತಿ ಮರದಚ್ಚಿನ ಚಿತ್ರಗಳಿವೆ. ಫುಕ್ಸ್ ವೈದ್ಯರು. ಅವರಿಗೆ ಬೇಕಾಗಿದ್ದು ಗುರುತು ಹಿಡಿಯಲು ಬರುವಂಥ ಗಿಡ. ಚಿತ್ರಗಾರರು ನೆರಳು ಗಿರಳು ಹಾಕಿ ತಮ್ಮ ಕೈಚಳಕ ತೋರಿಸಲು ಹೋದರೆ ಗಿಡದ ಆಕಾರವೇ ಮುಚ್ಚಿಹೋಗುತ್ತದೆ, ಅದಕ್ಕೆ ನಾನು ಅವಕಾಶ ಕೊಟ್ಟಿಲ್ಲ ಅಂತ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಅವರ ಚಿತ್ರಗಳಲ್ಲಿ ಒಂದೇ ಗಿಡದ ಮೇಲೆ ಮೊಗ್ಗು, ಹೂವು, ಕಾಯಿ ಎಲ್ಲ ಒಟ್ಟಿಗೇ ಇರುವುದೂ ಉಂಟು. ಎಲೆ ಪೂರ್ತಿ, ಬೇರು ಪೂರ್ತಿ. ತೋಟದಲ್ಲಿ ಹುಡುಕಿದರೆ ಅಂಥ ಗಿಡ ಒಂದೂ ಸಿಗುವುದಿಲ್ಲ. ಆದರೆ ಅದನ್ನು ನೋಡಿಕೊಂಡು ತೋಟಕ್ಕೆ ಹೋದರೆ ಆ ಜಾತಿಯ ಯಾವ ಗಿಡವನ್ನಾದರೂ ಗುರುತಿಸಬಹುದು.

ವೈಡಿಟ್ಜ್ ಬರೆದಿದ್ದು ಒಂದು ಗಿಡವನ್ನು. ಫುಕ್ಸ್ ಬರೆಸಿದ್ದು ಒಂದು ಜಾತಿಯನ್ನು. ಔಷಧಿಗೆ ಗಿಡ ಹುಡುಕುವವನಿಗೆ ಹುಳ ಎಲ್ಲಿ ತಿಂದಿದೆ ಅನ್ನುವುದು ಬೇಡ. ನಿಮ್ಮ ಟೀಚರ್ ಫುಕ್ಸ್ ದಾರಿಯಲ್ಲಿದ್ದಾರೆ.

ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಯಾವ ಗಿಡದ್ದೂ ಅಲ್ಲ. ಕೆಲಸ ಮಾಡಿದ ಮೂವರ ಚಿತ್ರ ಇರುವ ಪುಟ. ಆಲ್ಬ್ರೆಕ್ಟ್ ಮೇಯರ್ ಹೂದಾನಿಯಲ್ಲಿಟ್ಟ ಗಿಡ ನೋಡಿ ಬರೆಯುತ್ತಿದ್ದಾನೆ. ಹೈನ್‌ರಿಕ್ ಫ್ಯೂಲ್‌ಮೌರರ್ ಅದನ್ನು ಮರದ ಹಲಗೆಗೆ ಇಳಿಸುತ್ತಿದ್ದಾನೆ. ಕೆಳಗೆ ಹಲಗೆ ಕೆತ್ತುವ ಸ್ಪೆಕ್ಲೆ. ಮೂವರ ಹೆಸರೂ ಅಚ್ಚಾಗಿದೆ. ಕೈಕೆಲಸದವರಿಗೆ ಇಷ್ಟು ಮರ್ಯಾದೆ ಕೊಟ್ಟ ಪುಸ್ತಕ ಆ ಕಾಲದಲ್ಲಿ ಅಪರೂಪ.

ಸಂಜೆಗಾಳಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಅದಕ್ಕೂ ಮುಂಚೆ ಯೂರೋಪಿನಲ್ಲಿ ಯಾರೂ ಗಿಡ ನೋಡಿ ಬರೆದಿರಲಿಲ್ಲವಾ? ಹಳೇ ಕಾಲದ ಗಿಡಮೂಲಿಕೆ ಪುಸ್ತಕಗಳಲ್ಲಿ ಚಿತ್ರಗಳು ಇದ್ದವಲ್ಲ?

ಹಿತ್ತಲಗಿಡ
ಇದ್ದವು. ಆದರೆ ಬಹಳಷ್ಟು ಒಂದು ಪ್ರತಿ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಅಂತ ಬರೆದವು. ಹೀಗೆ ಕೈಯಿಂದ ಕೈಗೆ ಹೋಗುತ್ತಾ ಎಲೆಗಳೆಲ್ಲ ಎಡಕ್ಕೊಂದು ಬಲಕ್ಕೊಂದು ಸಾಲಾಗಿ ನಿಂತುಬಿಟ್ಟವು. ಈ ತೊಂದರೆಯನ್ನು ರೋಮಿನ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲೇ ಹೇಳಿದ್ದ. ನಕಲು ಮಾಡುವವರು ಚಿತ್ರ ಕೆಡಿಸುತ್ತಾರೆ, ಅಲ್ಲದೆ ಗಿಡ ಋತುವಿಗೊಂದು ರೂಪ ತಾಳುತ್ತದೆ, ಒಂದೇ ಚಿತ್ರ ಹೇಗೆ ಸಾಕಾಗುತ್ತದೆ ಅಂತ.

ಹಾಗಂತ ರಿನೈಸಾನ್ಸ್ ಬರುವವರೆಗೆ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು ಅನ್ನುವುದೂ ತಪ್ಪು. ಪಾದುವಾದ ಅರಸ ಫ್ರಾಂಚೆಸ್ಕೊ ನೊವೆಲ್ಲೊ ಡಾ ಕರಾರಾನಿಗೆ 1400ರ ಆಸುಪಾಸಿನಲ್ಲಿ ಮಾಡಿಕೊಟ್ಟ ಒಂದು ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ದ್ರಾಕ್ಷಿ ಬಳ್ಳಿ ಪುಟದ ಅಂಚಿನ ತುಂಬಾ ಹಬ್ಬಿದೆ. ನಿಜವಾದ ಬಳ್ಳಿ ನೋಡಿಯೇ ಬರೆದಿದ್ದು ಅಂತ ಕಂಡ ಕೂಡಲೇ ಗೊತ್ತಾಗುತ್ತದೆ. ಪಾಪ, ಕೆಲಸ ಮುಗಿದೇ ಇಲ್ಲ. ಚಿತ್ರಕ್ಕೆ ಅಂತ ಬಿಟ್ಟ ಎಷ್ಟೋ ಜಾಗ ಇವತ್ತಿಗೂ ಖಾಲಿ ಇದೆ.

ದೂರದೂರು
ನಾನು ಇಂಗ್ಲೆಂಡಿನಲ್ಲಿದ್ದೇನೆ. 2019ರಲ್ಲಿ ಲಿಯೊನಾರ್ಡೊ ಡಾ ವಿಂಚಿ ತೀರಿಕೊಂಡು 500 ವರ್ಷ ಆಯಿತು ಅಂತ ಲಂಡನ್ನಿನ ಕ್ವೀನ್ಸ್ ಗ್ಯಾಲರಿಯಲ್ಲಿ ಅವನ 200ಕ್ಕೂ ಹೆಚ್ಚು ಹಾಳೆಗಳನ್ನು ಇಟ್ಟಿದ್ದರು. ಎರಡು ಸಲ ಹೋಗಿದ್ದೆ. ಎರಡನೇ ಸಲ ಹೋಗಿದ್ದು ಒಂದೇ ಒಂದು ಹಾಳೆಗಾಗಿ. ಸ್ಟಾರ್ ಆಫ್ ಬೆತ್ಲೆಹೆಮ್ ಅನ್ನುವ ಚಿಕ್ಕ ಬಿಳಿ ಹೂವಿನ ಗಿಡ. ಗೆಡ್ಡೆಯಿಂದ ಬರುತ್ತದೆ, ಹೂವಿಗೆ ಆರು ದಳ, ಹುಲ್ಲಿನಂಥ ಉದ್ದ ಎಲೆ. ಸುಮಾರು 1506ರಿಂದ 1512ರ ನಡುವೆ ಬರೆದಿದ್ದು.

ಫೋಟೋದಲ್ಲಿ ನೋಡಿ ದೊಡ್ಡದಿರಬೇಕು ಅಂದುಕೊಂಡಿದ್ದೆ. ಅಲ್ಲ. 20 ಸೆಂಟಿಮೀಟರ್ ಎತ್ತರ, 16 ಸೆಂಟಿಮೀಟರ್ ಅಗಲ. ಒಂದು ನೋಟ್‌ಬುಕ್ಕಿನ ಹಾಳೆಯಷ್ಟು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತೆ. ಮೊದಲು ಕೆಂಪು ಚಾಕಿನಲ್ಲಿ ಬರೆದು, ಅದರ ಮೇಲೆ ಗರಿಯ ಲೇಖನಿಯಿಂದ ಶಾಯಿ ಗೆರೆ ಎಳೆದಿದ್ದಾನೆ. ನಮ್ಮ ಕಡೆ ನೆಲದ ಅಂಚಿಗೆ ಹಚ್ಚುವ ಜಾಜು ಇದೆಯಲ್ಲ, ಆ ಕೆಂಪು. ಎಲೆಗಳು ಬುಡದ ಸುತ್ತ ಸುಳಿ ಸುಳಿಯಾಗಿ ತಿರುಗುತ್ತವೆ. ಒಂದೊಂದು ಎಲೆಯ ಮೇಲೂ ಸಣ್ಣ ಅಡ್ಡಗೆರೆಗಳು. ಅವು ನೇರವಾಗಿಲ್ಲ, ಎಲೆ ಬಾಗಿದ ಕಡೆ ಬಾಗುತ್ತವೆ. ಎಲೆಯ ಮೇಲೆ ಬೆರಳಾಡಿಸಿದರೆ ಬೆರಳು ಯಾವ ಕಡೆ ಜಾರುತ್ತದೋ ಆ ಕಡೆ.

ಕೆಳಗಡೆ ಯೂಫೋರ್ಬಿಯಾ ಜಾತಿಯ ಗಿಡದ ತಲೆಗಳನ್ನು ಬೇರೆಯಾಗಿ ಬರೆದಿದ್ದಾನೆ. ನಮ್ಮ ಕಳ್ಳಿಯ ಬಳಗವೇ.

ಇನ್ನು ನಿಮ್ಮ ಪ್ರಶ್ನೆಗೆ. ಲಿಯೊನಾರ್ಡೊ ಇದ್ದ ಹಾಗೆ ಬರೆದನಾ? ನನಗೆ ಹಾಗೆ ಅನಿಸುವುದಿಲ್ಲ. ವಸಂತದಲ್ಲಿ ಈ ಗಿಡ ಇಲ್ಲಿ ಬೇಲಿ ಪಕ್ಕದಲ್ಲೆಲ್ಲ ಬರುತ್ತದೆ. ಎಲೆ ಇಷ್ಟು ಸುಳಿ ಸುತ್ತಿದ್ದನ್ನು ನಾನು ಎಲ್ಲೂ ನೋಡಿಲ್ಲ. ಆ ಹೊತ್ತಿಗೆ ಅವನು ಗ್ರೀಕ್ ಪುರಾಣದ ಲೀಡಾ ಮತ್ತು ಹಂಸದ ಚಿತ್ರಕ್ಕೆ ತಯಾರಿ ನಡೆಸಿದ್ದ. ಆ ಚಿತ್ರ ಕಳೆದುಹೋಗಿದೆ, ಬೇರೆಯವರು ಮಾಡಿದ ಪ್ರತಿಗಳಿವೆ. ಲೀಡಾಳ ಜಡೆಯ ಸುರುಳಿಗೆ ಬರೆದ ಹಾಳೆಗಳೂ ಇವೆ. ಹರಿಯುವ ನೀರಿನ ಚಿತ್ರವೊಂದರ ಪಕ್ಕದಲ್ಲಿ, ನೀರಿನ ಮೇಲ್ಮೈ ಓಡುವುದು ಕೂದಲಿನ ಹಾಗೆ ಅಂತ ಅವನೇ ಬರೆದುಕೊಂಡಿದ್ದಾನೆ. ಜಡೆ, ನೀರು, ಎಲೆ ಮೂರರಲ್ಲೂ ಒಂದೇ ಸುಳಿ. ಎಲೆಯನ್ನು ನೋಡಿದ್ದಾನೆ, ನೋಡಿ ತನಗೆ ಬೇಕಾದ ಹಾಗೆ ತಿರುಗಿಸಿದ್ದಾನೆ.

ಹಿತ್ತಲಗಿಡ
ದೂರದೂರು ಅವರೇ, ಎಷ್ಟು ಚೆನ್ನಾಗಿ ನೋಡಿದ್ದೀರಿ. ಒಂದು ಕಡೆ ಮಾತ್ರ ನಾನು ಒಪ್ಪುವುದಿಲ್ಲ. ಈ ಜಾತಿಯ ಗಿಡಗಳಲ್ಲಿ ಎಲೆ ಮೊದಲು ಬರುತ್ತದೆ, ಹೂವು ಬರುವ ಹೊತ್ತಿಗೆ ಎಲೆ ಉದ್ದವಾಗಿ, ಸೋತು ನೆಲಕ್ಕೆ ಬಾಗಿರುತ್ತದೆ, ತಿರುಚಿಕೊಳ್ಳುತ್ತದೆ. ಬುಡದಲ್ಲಿ ಒತ್ತೊತ್ತಾಗಿ ಇರುವುದರಿಂದ ಸುಳಿಯ ಹಾಗೆ ಕಾಣುತ್ತದೆ. ಲಿಯೊನಾರ್ಡೊ ಅದನ್ನು ಜಾಸ್ತಿ ಮಾಡಿರಬಹುದು. ಇಲ್ಲದ್ದನ್ನು ತಂದಿಲ್ಲ.

ಅವನು ಎಂಥ ನೋಟಗಾರ ಅಂದರೆ, ಎಷ್ಟೋ ಗಿಡಗಳಲ್ಲಿ ಆರನೇ ಎಲೆ ಸರಿಯಾಗಿ ಒಂದನೇ ಎಲೆಯ ಮೇಲೇ ಬರುತ್ತದೆ ಅಂತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಇದನ್ನು ನಾವು ಈಗ ಕ್ಲಾಸಿನಲ್ಲಿ ಎಲೆ ಜೋಡಣೆ ಅಂತ ಪಾಠ ಮಾಡುತ್ತೇವೆ. ಕೆಂಪುದಾಸವಾಳ ಅವರೇ, ಕಾಂಡದ ಮೇಲೆ ಒಂದು ಎಲೆಗೆ ದಾರ ಕಟ್ಟಿ, ಅದರ ನೇರಕ್ಕೇ ಮೇಲೆ ಇನ್ನೊಂದು ಎಲೆ ಬರುವವರೆಗೆ ಎಣಿಸುತ್ತಾ ಹೋಗಿ. ನಾನು ಹುಡುಗರ ಕೈಯಲ್ಲಿ ಇದನ್ನೇ ಮಾಡಿಸುತ್ತಿದ್ದೆ.

ಅವನ ಇನ್ನೊಂದು ಹಾಳೆಯಲ್ಲಿ ಜಾಬ್ಸ್ ಟಿಯರ್ಸ್ ಅನ್ನುವ ಹುಲ್ಲು ಇದೆ, ಸುಮಾರು 1510ರದ್ದು. ಅದು ಏಷ್ಯಾದ ಗಿಡ, ನಮ್ಮ ದೇಶದಲ್ಲೂ ಬೆಳೆಯುತ್ತದೆ. ವೈಜಯಂತಿ ಮಾಲೆ ಅಂತ ಬೂದು ಬಣ್ಣದ, ನುಣ್ಣನೆ ಹೊಳೆಯುವ ಬೀಜದ ಸರ ಮಾರುತ್ತಾರಲ್ಲ, ಅದೇ ಬೀಜ. ಅದನ್ನು ಲಿಯೊನಾರ್ಡೊ ಕೂತು ಬರೆದಿದ್ದಾನೆ ಅಂತ ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆಗಾಳಿ
ಈ ಹೂವುಗಳಿಗೆಲ್ಲ ಗೂಢಾರ್ಥ ಇರುತ್ತಿತ್ತು ಅಂತ ಓದಿದ್ದೆ. ಬಿಳಿ ಲಿಲ್ಲಿ ಅಂದರೆ ಮೇರಿಯ ಪಾವಿತ್ರ್ಯ, ಹೀಗೆ. ಹಾಗಿದ್ದ ಮೇಲೆ ಅಷ್ಟು ನಿಖರವಾಗಿ ಯಾಕೆ ಬರೆಯಬೇಕಿತ್ತು? ಸುಮ್ನೆ ಒಂದು ಲಿಲ್ಲಿ ಅಂತ ಗೊತ್ತಾದರೆ ಸಾಕಿತ್ತಲ್ಲ.

ಇದ್ದಿಲುಕಡ್ಡಿ
ಅರ್ಥ ಇತ್ತು, ನಿಜ. ಆದರೆ ನಂಬಿಕೆಯವರಿಗೆ ಹೂವು ಬರೀ ಸಂಕೇತ ಆಗಿರಲಿಲ್ಲ. ದೇವರ ಮುಂದೆ ಇಡುವ ಹೂವನ್ನು ನಾವು ಆರಿಸಿ ಕೊಯ್ಯುತ್ತೇವೆ ಅಲ್ವಾ, ಆ ಶ್ರದ್ಧೆಯೇ ಗೆರೆಯಲ್ಲಿ ಬಂದಿದೆ ಅನ್ನಿಸುತ್ತದೆ.

ಡ್ಯೂರರ್‌ಗಿಂತ ಹಿಂದಿನ ಚಿತ್ರಗಾರ ಮಾರ್ಟಿನ್ ಶೋನ್‌ಗೌರ್ ಬರೆದ ಪಿಯೋನಿ ಹೂಗಳನ್ನು ನೋಡಿ, ಈಗ ಅಮೆರಿಕದ ಗೆಟ್ಟಿ ಮ್ಯೂಸಿಯಮ್ಮಿನಲ್ಲಿದೆ. ಕೋಲ್ಮಾರ್ ಊರಿನಲ್ಲಿ 1473ರ ಅವನ ಒಂದು ಮೇರಿಯ ಚಿತ್ರ ಇದೆ, ಗುಲಾಬಿ ತೋಟದ ಮುಂದೆ ಕೂತಿರುವುದು. ಅದಕ್ಕೆ ತಯಾರಿಯಾಗಿ ಬರೆದ ಹೂವುಗಳು ಇವು. ಒಂದು ಹೂವು ಎದುರಿನಿಂದ, ಒಂದು ಹಿಂದಿನಿಂದ. ಹಿಂದಿನಿಂದ! ಸಂಕೇತವಷ್ಟೇ ಬೇಕಿದ್ದರೆ ಹೂವಿನ ಬೆನ್ನು ನೋಡುವ ಅಗತ್ಯ ಏನಿತ್ತು? ದಳ ತೊಟ್ಟಿಗೆ ಎಲ್ಲಿ ಸೇರುತ್ತದೆ ಅಂತ ತಿಳಿಯದೆ ಎದುರಿನ ಹೂವೂ ಸರಿ ಬರುವುದಿಲ್ಲ. ಇದು ಬರೆಯುವವರಿಗೆಲ್ಲ ಗೊತ್ತು.

ಡ್ಯೂರರ್ ಹುಡುಗನಾಗಿದ್ದಾಗ ಈ ಶೋನ್‌ಗೌರ್‌ನನ್ನು ಕಾಣಲು ಕೋಲ್ಮಾರ್‌ಗೆ ಹೋಗಿದ್ದ, 1492ರಲ್ಲಿ. ಅಷ್ಟರಲ್ಲಿ ಶೋನ್‌ಗೌರ್ ತೀರಿಹೋಗಿದ್ದ.

ನೂಲೆಳೆ
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಬ್ಲೌಸಿಗೆ ಆರಿ ವರ್ಕ್ ಮಾಡುವವಳು. ಲಿಲ್ಲಿ ಅಂದ ಕೂಡಲೇ ಹುಡುಕಿದೆ, ಲಿಯೊನಾರ್ಡೊ ಬರೆದ ಲಿಲ್ಲಿಯ ಹಾಳೆ ಸಿಕ್ಕಿತು. ಅದನ್ನು ದೊಡ್ಡದು ಮಾಡಿ ನೋಡಿದರೆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕಿ. ಸೂಜಿ ತೂತಿನ ಹಾಗೆ. ನನ್ನ ಕಣ್ಣು ಸರಿಯಾಗಿ ನೋಡುತ್ತಿದೆಯಾ? ನಾವು ದಿನಾ ಮಾಡುವುದೇ ಇದು. ಬಟರ್ ಪೇಪರ್ ಮೇಲೆ ಡಿಸೈನ್ ಬರೆದು, ಗೆರೆಯ ಮೇಲೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತೇವೆ. ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಹತ್ತಿಯಿಂದ ಉಜ್ಜುತ್ತೇವೆ. ಕಾಗದ ಎತ್ತಿದರೆ ಬಟ್ಟೆ ಮೇಲೆ ಚುಕ್ಕಿಗಳಲ್ಲಿ ಹೂವು ಮೂಡಿರುತ್ತದೆ.

ದೂರದೂರು
ನಿಮ್ಮ ಕಣ್ಣು ಸರಿಯಾಗೇ ನೋಡಿದೆ ಅಕ್ಕ. ಅವು ಸೂಜಿ ತೂತುಗಳೇ. ಆ ಹಾಳೆ ಸುಮಾರು 1475ರದ್ದು, ಲಿಯೊನಾರ್ಡೊ ಇನ್ನೂ ಫ್ಲಾರೆನ್ಸಿನಲ್ಲಿದ್ದ ಯುವಕ. ಆಗಿನ ಚಿತ್ರಗಾರರು ಹೀಗೆ ಚುಚ್ಚಿದ ಕಾಗದವನ್ನು ಹಲಗೆ ಮೇಲೋ ಗೋಡೆ ಮೇಲೋ ಇಟ್ಟು, ಬಟ್ಟೆ ಗಂಟಿನಲ್ಲಿ ಇದ್ದಿಲ ಪುಡಿ ಕಟ್ಟಿಕೊಂಡು ತಟ್ಟುತ್ತಿದ್ದರು. ನಿಮ್ಮದು ಸೀಮೆಎಣ್ಣೆ, ಅವರದು ಒಣ ಪುಡಿ. ಕೆಲಸ ಒಂದೇ. ಪ್ರದರ್ಶನದಲ್ಲಿ ಇಷ್ಟು ಹಾಳೆ ನೋಡಿ ಬಂದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ಶಾಯಿಯ ಬಗ್ಗೆಯೂ ಒಂದು ಮಾತು. ಆ ಕಾಲದಲ್ಲಿ ಯೂರೋಪಿನಲ್ಲಿ ಹೆಚ್ಚು ಬಳಸುತ್ತಿದ್ದ ಶಾಯಿ ಮಾಡುತ್ತಿದ್ದದ್ದು ಮಾಚಿಕಾಯಿ ಮತ್ತು ಅನ್ನಭೇದಿಯಿಂದ (ಅದೊಂದು ಕಬ್ಬಿಣದ ಲವಣ). ಅಜ್ಜಿ ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಅದೇ ಮಾಚಿಕಾಯಿ. ಅದು ಕಾಯಿ ಅಲ್ಲ, ಓಕ್ ಮರದ ಮೇಲೆ ಒಂದು ಹುಳ ಮೊಟ್ಟೆ ಇಟ್ಟಾಗ ಏಳುವ ಗಂಟು.

ಕೆಂಪುದಾಸವಾಳ
ಎರಡು ದಿನ ಊರಲ್ಲಿರಲಿಲ್ಲ, ಬಂದು ನೋಡಿದರೆ ಇಷ್ಟೆಲ್ಲ! ಒಬ್ಬೊಬ್ಬರಿಗೂ ಧನ್ಯವಾದ. ಹುಳದಿಂದಲೇ ಶಾಯಿ ಬಂತು ಅಂದ ಮೇಲೆ ನನ್ನ ಎಲೆಯ ತೂತಿನ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಗಿದೆ.

ಒಂದು ತೊಂದರೆ ಉಳಿದಿದೆ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಎಲೆ ಬರೆದು ಮುಗಿಸುವಷ್ಟರಲ್ಲಿ ಹೂವು ಹೋಗಿರುತ್ತದೆ. ಇವರೆಲ್ಲ ಹೇಗೆ ನಿಭಾಯಿಸಿದರು?

ಹಿತ್ತಲಗಿಡ
ಇದಕ್ಕೆ ಜ್ಯೂರಿಕ್‌ನ ಕಾನ್ರಾಡ್ ಗೆಸ್ನರ್ ಅನ್ನುವ ಸಸ್ಯಶಾಸ್ತ್ರಜ್ಞನ ಹತ್ತಿರ ಒಳ್ಳೇ ದಾರಿ ಇದೆ. ಅವನು ಒಂದು ಹಾಳೆಯನ್ನು ಒಂದೇ ದಿನಕ್ಕೆ ಮುಗಿದ ಚಿತ್ರ ಅಂದುಕೊಳ್ಳಲಿಲ್ಲ. ನಡುವೆ ಗಿಡ. ಪಕ್ಕದಲ್ಲಿ ಬಿಡಿಸಿದ ಹೂವು, ಸೀಳಿದ ಕಾಯಿ, ಬೀಜ. ಸುತ್ತಲೂ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಗಿಡಕ್ಕೆ ಕಾಯಿ ಬಂದಾಗ ಮತ್ತೆ ಅದೇ ಹಾಳೆ ತೆಗೆದು ಕಾಯಿ ಸೇರಿಸುವುದು. ಪ್ಲಿನಿ ಎತ್ತಿದ ಪ್ರಶ್ನೆಗೆ ಇದು ಸಿಕ್ಕ ಉತ್ತರ ಅಂತ ನನಗನಿಸುತ್ತದೆ. ಗೆಸ್ನರ್ 1565ರಲ್ಲಿ ಪ್ಲೇಗ್ ಬಂದು ತೀರಿಕೊಂಡ. ಗಿಡಗಳ ಮೇಲಿನ ದೊಡ್ಡ ಪುಸ್ತಕ ಅವನ ಕಾಲದಲ್ಲಿ ಅಚ್ಚಾಗಲೇ ಇಲ್ಲ. ಆ ಹಾಳೆಗಳು ಈಗ ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ವೈಡಿಟ್ಜ್ ಬರೆದ ಮೂಲ ಜಲವರ್ಣಗಳ ಕಥೆ ಇನ್ನೂ ಸಂಕಟದ್ದು. ಬಾಸೆಲ್‌ನ ವೈದ್ಯ ಫೆಲಿಕ್ಸ್ ಪ್ಲಾಟರ್ ಅವುಗಳನ್ನು ಕತ್ತರಿಸಿ, ಒಣಗಿಸಿದ ಗಿಡಗಳ ಸಂಗ್ರಹದಲ್ಲಿ ಅಂಟಿಸಿಕೊಂಡಿದ್ದ. ಒಂದು ಕಡೆ ಒಣಗಿದ ಗಿಡ, ಇನ್ನೊಂದು ಕಡೆ ಬರೆದ ಗಿಡ. ಕತ್ತರಿ ಹಾಕಿದ್ದು ಮನಸ್ಸಿಗೆ ಚುಚ್ಚುತ್ತದೆ. ಆದರೆ ಆ ಸಂಗ್ರಹದಲ್ಲಿ ಇದ್ದದ್ದರಿಂದಲೇ ಅವು ಉಳಿದುಕೊಂಡು ಬರ್ನ್‌ನಲ್ಲಿ ಮತ್ತೆ ಸಿಕ್ಕವು.

ಬಾಯಿ ಬಿಟ್ಟಿದ್ದೇನೆ, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಫುಕ್ಸ್ ಪುಸ್ತಕದಲ್ಲಿ ನಮ್ಮ ಒಣಮೆಣಸಿನಕಾಯಿ ಗಿಡದ ಚಿತ್ರ ಇದೆ. ಅವರು ಅದಕ್ಕೆ ಕಲ್ಲಿಕೋಟೆ ಮೆಣಸು ಅಂತ ಹೆಸರು ಕೊಟ್ಟಿದ್ದಾರೆ, ಭಾರತದ್ದು ಅಂದುಕೊಂಡು. ಗಿಡ ಅಮೆರಿಕದ್ದು. ಊರು ತಪ್ಪಿದರೂ ಚಿತ್ರ ತಪ್ಪಿಲ್ಲ. ನೋಡಿದ ಕೂಡಲೇ ಮೆಣಸಿನ ಗಿಡ ಅಂತ ಯಾರು ಬೇಕಾದರೂ ಹೇಳಬಹುದು.

ಇದ್ದಿಲುಕಡ್ಡಿ
ಬರೆಯುವ ಕ್ರಮದ ಬಗ್ಗೆ ನನ್ನ ಅನುಭವದ ಮಾತು. ಹೂವು ಮೊದಲು, ಮೊಗ್ಗು ಆಮೇಲೆ, ಎಲೆ ಕೊನೆಗೆ. ಬೆಳಿಗ್ಗೆ ಏಳು ಗಂಟೆಗೇ ಕೂತುಬಿಡಿ. ಬಣ್ಣವನ್ನು ಹಾಳೆಯ ಅಂಚಿನಲ್ಲಿ ಸಣ್ಣ ಚೌಕಗಳಲ್ಲಿ ಹಚ್ಚಿಟ್ಟುಕೊಳ್ಳಿ. ಹೂವು ಮುದುಡಿದರೂ ಕೆಂಪು ಎಷ್ಟು ಕೆಂಪಿತ್ತು ಅಂತ ನೆನಪಿರುತ್ತದೆ. ಮಾರನೇ ದಿನ ಅದೇ ಗಿಡದ ಇನ್ನೊಂದು ಹೂವನ್ನು ಅದೇ ಕೋನಕ್ಕೆ ಇಟ್ಟು ಮುಂದುವರಿಸಿ.

ಕೆಂಪುದಾಸವಾಳ
ಹಾಗೇ ಮಾಡಿದೆ. ಇವತ್ತು ಬೆಳಿಗ್ಗೆ ಹೊಸ ಹಾಳೆ ಶುರು ಮಾಡಿದೆ. ನಡುವೆ ಅದೇ ಕೊಂಬೆ, ತೂತು ಇರುವ ಎಲೆ ಇದ್ದಲ್ಲೇ ಇದೆ. ಬಲಗಡೆ ಮೇಲೆ ಪೂರ್ತಿ ಎಲೆ ಒಂದನ್ನು ಬೇರೆಯಾಗಿ ಬರೆದೆ, ಅಂಚಿನ ಹಲ್ಲುಗಳು ಕಾಣುವ ಹಾಗೆ. ಎಡಗಡೆ ಕೆಳಗೆ ಹೂವನ್ನು ಹಿಂದಿನಿಂದ. ಹಸಿರು ಪುಷ್ಪಪಾತ್ರೆಯ ಹೊರಗೆ ಇನ್ನೊಂದು ಸಾಲು ಸಣ್ಣ ಎಸಳುಗಳಿವೆ. ದಿನಾ ಕೊಯ್ಯುವ ಹೂವು, ಇಷ್ಟು ವರ್ಷದಲ್ಲಿ ಅದನ್ನು ನೋಡಿಯೇ ಇರಲಿಲ್ಲ. ದಾರ ಕಟ್ಟಿ ಎಲೆ ಎಣಿಸುವುದು ನಾಳೆಗೆ.

ಟೀಚರಿಗೆ ಕಳಿಸಿದೆ. ಪೂರ್ತಿ ಎಲೆ ಇದೆಯಲ್ಲ, ಸರಿ ಅಂದರು. ತೂತಿನ ಬಗ್ಗೆ ಏನೂ ಹೇಳಲಿಲ್ಲ.

ನೂಲೆಳೆ
ಚಿತ್ರ ಮುಗಿದ ಮೇಲೆ ನನಗೂ ಕಳಿಸಿ. ನನ್ನದೇ ಒಂದು ಹಸಿರು ಬ್ಲೌಸ್ ಇದೆ, ಅದರ ತೋಳಿಗೆ ಹಾಕುತ್ತೇನೆ. ಬಟರ್ ಪೇಪರಿಗೆ ಇಳಿಸುವಾಗ ತೂತಿನ ಸುತ್ತಲೂ ಚುಚ್ಚುತ್ತೇನೆ. ಆ ಒಣಗಿದ ಅಂಚಿಗೆ ಸರಿಹೋಗುವ ಕಂದು ದಾರ ನನ್ನ ಹತ್ತಿರ ಇದೆ.